ಬಾಡಿಗೆಯ ಮೊಣಕಾಲು

ಹೊನ್ನಾವರದಲ್ಲಿ ಪ್ರಾಥಮಿಕ ಶಾಲೆಯ ಮಾಸ್ತರನಾಗಿದ್ದ ಕಾಲದಲ್ಲಿ ನಾನು ಬಂದರದ ಓಣಿಯ ಒಂದು ಕ್ರಿಶ್ಚಿಯನ್ ಮನೆಯಲ್ಲಿ ಬಾಡಿಗೆಗಿದ್ದೆ. ಮನೆಯ ಯಜಮಾನಿ ಐವತ್ತು ದಾಟಿದ ವಿಧವೆ. ಓಣಿಯವರು ಅವರನ್ನು ಬಾಯಮ್ಮ ಎನ್ನುತ್ತಿದ್ದರು, ನಾನೂ ಹಾಗೆಯೇ ಕರೆಯುತ್ತಿದ್ದೆ. ನನಗೆ ಕೊಟ್ಟದ್ದು ಜಗಲಿಗೆ ಹೊಂದಿದ ಹೊರಗಿನ ಕೋಣೆ. ಕುಮಟೆಯ ಕಡೆಯ ಹವ್ಯಕರ ಹುಡುಗ ಕಿರಿಸ್ತಾನರ ಮನೆಯಲ್ಲಿ ಇರುವುದೇ ಎಂದು ಊರಲ್ಲಿ ಮಾತಾದಾಗ, ಆ ಕೋಣೆಗೆ ಬೇರೆಯೇ ಬಾಗಿಲಿದೆ, ಆದ್ದರಿಂದ ಅದು ಮನೆಯೊಳಗೆ ಇದ್ದ ಹಾಗಲ್ಲ ಎಂದು ನಮ್ಮ ತಂದೆ ಎಲ್ಲರಿಗೂ ವಿವರಿಸಿದ್ದರು. ನನಗೆ ವಿಷಮಜ್ವರ ಬಂದ ಮಳೆಗಾಲದಲ್ಲಿ ಅದೇ ಬಾಗಿಲಿನಿಂದ ಬಾಯಮ್ಮ ಮೂರು ಹೊತ್ತೂ ಗಂಜಿ ತಂದು ಕುಡಿಸಿ ನನ್ನನ್ನು ಬದುಕಿಸಿದ್ದು ಮಾತ್ರ ತಂದೆಯವರ ವಿವರಣೆಯಲ್ಲಿ ಸೇರಿರಲಿಲ್ಲ.

ಬಾಯಮ್ಮನ ಬಲ ಮೊಣಕಾಲು ಓಣಿಯ ಸಾರ್ವಜನಿಕ ವಿಷಯವಾಗಿತ್ತು. ಮೀನು ಮಾರುವವಳು ಬುಟ್ಟಿ ಇಳಿಸುವ ಮೊದಲು ಮೊಣಕಾಲನ್ನು ವಿಚಾರಿಸುತ್ತಿದ್ದಳು. ಅಂಚೆಯವನು ಪತ್ರ ಇಲ್ಲದ ದಿನವೂ ಮೊಣಕಾಲಿಗಾಗಿ ನಿಲ್ಲುತ್ತಿದ್ದ. ಸರಕಾರಿ ದವಾಖಾನೆಯ ಡಾಕ್ಟರು ಸೂಜಿ ಚುಚ್ಚಿದರು. ಕುಮಟೆಯ ವೈದ್ಯರೊಬ್ಬರು ಎಣ್ಣೆ ಕಾಯಿಸಿ ಕಳಿಸಿದರು. ಭಟ್ಕಳದ ಹಕೀಮರು ಕಪ್ಪನೆಯ ಒಂದು ಲೇಪ ಕೊಟ್ಟು, ಇದನ್ನು ಹಚ್ಚಿಕೊಂಡಾಗ ಬೇರೆ ಯಾವ ಔಷಧವನ್ನೂ ನೆನೆಸಬಾರದು ಎಂದರು. ಆ ವರ್ಷದ ಮಳೆ ನಿಂತು ಗದ್ದೆ ಹಣ್ಣಾಗುವ ಹೊತ್ತಿಗೆ ನೋವು ಒಂದು ದಿನ ಹೇಳದೆ ಕೇಳದೆ ಹೊರಟುಹೋಯಿತು. ಡಾಕ್ಟರು, ವೈದ್ಯರು, ಹಕೀಮರು ಮೂವರೂ ಅದನ್ನು ತಾವೇ ಓಡಿಸಿದ್ದೆಂದು ಹೇಳಿಕೊಂಡು ತಿರುಗಿದರು.

ಬಾಯಮ್ಮನಿಗೆ ಮಾತ್ರ ನಿಜ ಗೊತ್ತಿತ್ತು. ಆಷಾಢದ ಮಳೆಯಲ್ಲಿ ನೋವು ತಾಳಲಾರದೆ ಅವರು ಗುಡ್ಡದ ಸಾಯ್ಬಿಣಿಗೆ ಹರಕೆ ಹೊತ್ತಿದ್ದರು. ಸಾಯ್ಬಿಣ್ ಎಂದರೆ ಕೊಂಕಣಿಯಲ್ಲಿ ಒಡತಿ, ಮೇರಿಮಾತೆ. ಶರಾವತಿ ದಾಟಿ ಭಟ್ಕಳದ ಕಡೆ ಹೋಗುವಾಗ ಒಳಗಡೆ ಒಂದು ಗುಡ್ಡ, ಅದರ ನೆತ್ತಿಯ ಮೇಲೆ ಆಕೆಯ ಪುಟ್ಟ ಇಗರ್ಜಿ. ಪೋರ್ತುಗೀಸರ ಕಾಲದ್ದು ಎನ್ನುತ್ತಾರೆ. ಯಾವುದೋ ದಂಡು ಬಂದು ಒಡೆದದ್ದು, ಮತ್ತೆ ಕಟ್ಟಿದ್ದು, ಮತ್ತೆ ಸಿಡಿಲು ಬಡಿದದ್ದು ಎಲ್ಲ ಸೇರಿ ಅದಕ್ಕೆ ದೊಡ್ಡ ಇತಿಹಾಸವಿದೆ. ಕೊಯ್ಲು ಮುಗಿದ ಮೇಲೆ ವರ್ಷಕ್ಕೊಮ್ಮೆ ಅಲ್ಲಿ ಫೆಸ್ತ್, ಅಂದರೆ ಜಾತ್ರೆ, ಆಗುತ್ತದೆ. ಎಲ್ಲ ಜಾತಿಯವರೂ ಹತ್ತುತ್ತಾರೆ. ಬಾಯಮ್ಮ ಹೇಳಿಕೊಂಡ ಹರಕೆ ಹೀಗಿತ್ತು: "ಮೊಣಕಾಲು ಗುಣ ಮಾಡಿಕೊಡು ತಾಯಿ, ನಿನ್ನ ಗುಡ್ಡವನ್ನ ಮೊಣಕಾಲ ಮೇಲೇ ಹತ್ತಿ ಬರ್ತೆ."

ಹರಕೆ ಹೊರುವಾಗ ಅದರಲ್ಲಿರುವ ತೊಡಕು ಅವರಿಗೆ ಹೊಳೆದಿರಲಿಲ್ಲ. ಗುಣವಾದ ಮೇಲೆ ಹೊಳೆಯಿತು. ಚಿರೆಕಲ್ಲಿನ ಮೆಟ್ಟಿಲುಗಳನ್ನು ಮೊಣಕಾಲಲ್ಲಿ ಹತ್ತಿದರೆ ಗುಣವಾದ ಮೊಣಕಾಲು ಗುಡ್ಡದ ಅರ್ಧದಲ್ಲೇ ಮತ್ತೆ ಕೆಡುತ್ತದೆ. ಹತ್ತದಿದ್ದರೆ ಸಾಯ್ಬಿಣ್ ಕೊಟ್ಟದ್ದನ್ನು ಹಿಂದಕ್ಕೆ ತೆಗೆದುಕೊಳ್ಳುತ್ತಾಳೆ. ಎರಡು ದಿನ ಅವರು ಸಾರಿಗೆ ಉಪ್ಪು ಹಾಕಲು ಮರೆತರು. ಮೂರನೆಯ ದಿನ ಊರಿನ ಪಾದ್ರಿಗಳ ಹತ್ತಿರ ಹೊರಟರು. ದಾರಿಯಲ್ಲಿ ಮಾತಿಗೆ ಇರಲಿ ಎಂದು ನನ್ನನ್ನೂ ಕರೆದುಕೊಂಡು ಹೋದರು.

ಪಾದ್ರಿಗಳು ಹಬ್ಬದ ತಯಾರಿಯಲ್ಲಿ ಇಗರ್ಜಿಯ ಗೋಡೆಗೆ ಸುಣ್ಣ ಹೊಡೆಸುತ್ತಿದ್ದರು. ಏಣಿಯ ಮೇಲಿದ್ದವನ ಮೇಲೆ ಒಂದು ಕಣ್ಣಿಟ್ಟೇ ಎಲ್ಲ ಕೇಳಿದರು.

"ಗುಣ ಮಾಡಿದ ಮೊಣಕಾಲನ್ನ ಹಾಳುಮಾಡಿಕೋ ಅಂತ ಯಾವ ತಾಯಿ ಹೇಳ್ತಾಳೆ? ನಡೆದು ಹೋಗಿ. ಸಾಕು."

"ಮಾತು ಕೊಟ್ಟದ್ದು ಅವಳಿಗೆ ಪಾದ್ರ್ಯಾಬ, ನಿಮಗಲ್ಲ," ಎಂದರು ಬಾಯಮ್ಮ.

"ಆತು, ಹಾಗಾದ್ರೆ ಮೊಣಕಾಲಲ್ಲೇ ಹೋಗಿ."

"ನೋವು ಬಂದ್ರೆ?"

"ಬಂದ್ರೆ ಬರ್ಲಿ. ನಡೆದು ಹೋಗಿ ಅಂದ್ರೆ ಕೇಳೂದಿಲ್ಲ."

"ಮತ್ತೆ ಎಂತ ಮಾಡೂದು ಪಾದ್ರ್ಯಾಬ?"

ಅಷ್ಟರಲ್ಲಿ ಏಣಿಯ ಮೇಲಿನವನು ಸುಣ್ಣದ ಡಬ್ಬವನ್ನು ಕೆಳಕ್ಕೆ ಬೀಳಿಸಿದ. ಪಾದ್ರಿಗಳು ಸಹನೆ ಕಳೆದುಕೊಂಡು, "ಹಾಗಾದ್ರೆ ಬೇರೆ ಯಾರನ್ನಾದ್ರೂ ಕಳಿಸಿ!" ಎಂದು ಕೂಗಿ ಅತ್ತ ಓಡಿದರು. ಅವರು ಹೇಳಿದ್ದು ಸಿಟ್ಟಿನಲ್ಲಿ. ಬಾಯಮ್ಮ ಕೇಳಿಸಿಕೊಂಡದ್ದು ಅಪ್ಪಣೆಯಾಗಿ. ಮನೆಗೆ ಬರುವ ದಾರಿಯುದ್ದಕ್ಕೂ ಅವರ ಮುಖ ಬೆಳಗುತ್ತಿತ್ತು.

ಬದಲಿ ಮೊಣಕಾಲಿನ ಹುಡುಕಾಟ ಆ ಸಂಜೆಯೇ ಸುರುವಾಯಿತು. ಕಾಸರಕೋಡಿನಲ್ಲಿ ಅವರ ತಮ್ಮ ಇದ್ದ. ಹಡಗಿನಲ್ಲಿ ಅಡಿಗೆಯವನಾಗಿ ದುಡಿದು ನಿವೃತ್ತನಾದವನು. ಅಕ್ಕನಿಗಾಗಿ ಪ್ರಾಣ ಕೊಡುತ್ತೇನೆ, ಆದರೆ ಹೆಬ್ಬೆರಳಿಗೆ ವಾತ ಹಿಡಿದಿದೆ ಎಂದ. ನೆರೆಮನೆಯವರಿಗೆ ಅದೇ ದಿನ ತಮ್ಮದೇ ಹರಕೆಯಿತ್ತು. ಅಂತೂ ಅರ್ಧ ಓಣಿಯ ಮೊಣಕಾಲುಗಳು ರಾತ್ರಿ ಬೆಳಗಾಗುವುದರೊಳಗೆ ಕೆಟ್ಟುಹೋದವು. ಮಾರನೆಯ ದಿನ ನಾನು ಶಾಲೆಗೆ ಹೊರಡುವಾಗ ಬಾಯಮ್ಮ ಜಗಲಿಯ ಮೇಲೆ ಅಕ್ಕಿ ಆರಿಸುತ್ತ ಕೂತಿದ್ದರು. ನಾನು ಮೆಟ್ಟಿಲಿಳಿಯುವುದನ್ನು ಗಮನವಿಟ್ಟು ನೋಡಿದರು.

"ಮಾಸ್ತರ್ರೆ, ನಿಮ್ಮ ಮೊಣಕಾಲು ಚೊಲೋ ಅದೆ."

ಹೊಗಳಿಕೆಯೆಂದುಕೊಂಡು ನಾನು ನಕ್ಕೆ. ಅವರು ನಗಲಿಲ್ಲ.

"ನಾನು ಹಿಂದು ಅಲ್ಲವಾ ಬಾಯಮ್ಮ?" ಎಂದೆ ವಿಷಯ ತಿಳಿದ ಮೇಲೆ.

"ಮೊಣಕಾಲಿಗೆ ಎಂತ ಜಾತಿ? ಜ್ವರ ಬಂದಾಗ ಗಂಜಿ ಕುಡಿದ ಹೊಟ್ಟೆ ಹಿಂದು ಆಗಿರ್ಲಿಲ್ವಾ?"

ಒಪ್ಪಿದೆ.

ಸುದ್ದಿ ನನಗಿಂತ ಮೊದಲು ಶಾಲೆ ತಲುಪಿತ್ತು. ಹೆಡ್‌ಮಾಸ್ತರರು ನನ್ನನ್ನು ಕರೆಸಿ, ಸರಕಾರಿ ನೌಕರ ಪರಧರ್ಮದ ಗುಡ್ಡದಲ್ಲಿ ಮೊಣಕಾಲೂರಿದರೆ ಇಲಾಖೆಯ ಮರ್ಯಾದೆಯ ಗತಿಯೇನು ಎಂದು ಬಹಳ ಹೊತ್ತು ಬುದ್ಧಿ ಹೇಳಿದರು. ಅಷ್ಟೂ ಹೊತ್ತು ಅವರು ನಿಂತೇ ಇದ್ದರು. ಅವರಿಗೆ ಮೂಲವ್ಯಾಧಿ. ಕೂರುವುದು ಅವರಿಗೆ ದೊಡ್ಡ ಸಾಹಸದ ಕೆಲಸ. ನಾನು ಹೊರಡುವಾಗ ಬಾಗಿಲ ತನಕ ಬಂದು ದನಿ ತಗ್ಗಿಸಿ, "ಹೇಗೂ ಹೋಗ್ತೀರಲ್ಲ. ನನ್ನ ತ್ರಾಸಿನ ಬಗ್ಗೆಯೂ ಒಂದು ಮಾತು ಹೇಳಿ. ಯಾರಿಗೆ ಅಂತ ಹೆಸರು ಹೇಳೂದು ಬೇಡ," ಎಂದರು.

ಆ ವಾರವೇ ಕುಮಟೆಯಿಂದ ಸೋದರಮಾವ ಬಂದರು. ಅವರು ಪೌರೋಹಿತ್ಯ ಮಾಡುವವರು. ದಾಯಾದಿಗಳ ಜೊತೆ ಬೇಲಿಯ ತಕರಾರು ಕೋರ್ಟು ಹತ್ತಿ ಕೂತಿತ್ತು. ನನ್ನ ಕೋಣೆಯೊಳಗೆ ಬರದೆ, ಬೇರೆಯದೇ ಆದ ಆ ಬಾಗಿಲಿನ ಹೊರಗೆ ನಿಂತು ಬೈದರು.

"ಎಂತ ತಮಾ, ಕಿರಿಸ್ತಾನರ ಗುಡ್ಡಕ್ಕೆ ಮೊಣಕಾಲಲ್ಲಿ ಹೋಪದಡ ನೀನು? ಜನ ಎಂತ ಹೇಳ್ತ? ನಮ್ಮನೆಲಿ ದೇವ್ರು ಇಲ್ಲೆಯಾ?"

ನಾನು ಗಂಜಿಯ ಋಣ ಹೇಳಿದೆ. ಮಾವ ರಸ್ತೆಯಲ್ಲಿ ಯಾರಾದರೂ ಇದ್ದಾರೆಯೇ ಎಂದು ನೋಡಿದರು. ಆಮೇಲೆ ಹತ್ತಿರ ಬಂದರು.

"ಹೋಪದು ಹೆಂಗೂ ಹೋಗ್ತೆ. ಅಲ್ಲಿ ನಮ್ಮ ಕೇಸಿನ ಬಗ್ಗೆಯೂ ಒಂದು ಮಾತು ಹೇಳಿಕ್ಕು. ಹೆಚ್ಚು ಬೇಡ, ಬೇಲಿ ನಮ್ಮ ಬದಿಗೆ ಬಂದ್ರೆ ಸಾಕು. ಇದಕ್ಕೆ ಶಾಸ್ತ್ರದಲ್ಲೂ ಆಧಾರ ಇದ್ದು."

ಫೆಸ್ತಿನ ದಿನ ನಸುಕಿನಲ್ಲೇ ಬಾಯಮ್ಮ ಮತ್ತು ನಾನು ದೋಣಿಯಲ್ಲಿ ಶರಾವತಿ ದಾಟಿದೆವು. ಆಗ ಸೇತುವೆ ಇರಲಿಲ್ಲ. ಕಾಸರಕೋಡಿನ ದಂಡೆಯಲ್ಲಿ ಒಣಮೀನಿನ ವಾಸನೆಯ ನಡುವೆ ಅವರ ತಮ್ಮ ಇಸ್ತ್ರಿ ಹಾಕಿದ ಕೋಟು ತೊಟ್ಟು ಕಾಯುತ್ತಿದ್ದ. ಹೆಬ್ಬೆರಳಿನ ವಾತ ಅವನನ್ನು ಬಸ್ಸು ಹತ್ತದಂತೆ ತಡೆಯಲಿಲ್ಲ. ಬಸ್ಸಿನಲ್ಲಿ ಅವನು ನನಗೆ ಗುಡ್ಡದ ಚರಿತ್ರೆ ಹೇಳಿದ. ಸಾಯ್ಬಿಣಿಯ ಮೂರ್ತಿ ಮೊದಲು ಮೀನುಗಾರರ ಬಲೆಗೆ ಸಿಕ್ಕಿತಂತೆ. ಎರಡು ಸಲ ಊರಿನ ಇಗರ್ಜಿಯಲ್ಲಿಟ್ಟರೂ ತಾನಾಗಿ ಎದ್ದು ಗುಡ್ಡಕ್ಕೆ ಹೋಯಿತಂತೆ. "ನಡೆದುಕೊಂಡು," ಎಂದು ಅವನು ನನ್ನ ಕಾಲಿನ ಕಡೆ ನೋಡಿ ಸೇರಿಸಿದ.

ಗುಡ್ಡದ ಬುಡದಲ್ಲಿ ಅಂಗಡಿಗಳ ಸಾಲು. ಮೇಣದ ಕೈ, ಕಾಲು, ಕಣ್ಣು ಮಾರುವ ಅಂಗಡಿ ಭಟ್ಕಳದ ಒಬ್ಬ ಸಾಹೇಬರದ್ದು. ಯಾವ ಅಂಗ ಗುಣವಾಯಿತೋ ಅದರ ಮೇಣದ ಗೊಂಬೆಯನ್ನು ಮೇಲೆ ಒಪ್ಪಿಸುವುದು ವಾಡಿಕೆ. ಸಾಹೇಬರು ನನ್ನನ್ನು ಗಿರಾಕಿಯೆಂದುಕೊಂಡು ಮಾತಾಡಿಸಿದರು.

"ಬನ್ನಿ ಸಾಬ್. ಎಂತ ಬೇಕು? ಕಾಲು ಅದೆ, ಕಣ್ಣು ಅದೆ. ಹೊಟ್ಟೆ ಬೆಳಿಗ್ಗೆಯೇ ಖಲಾಸ್."

ಬಾಯಮ್ಮ ಒಂದು ಬಲಗಾಲು ಆರಿಸಿಕೊಂಡರು. ನಾನು ಮೊಣಕಾಲಲ್ಲಿ ಹತ್ತುವವನೆಂದು ತಿಳಿದ ಸಾಹೇಬರು ಕನಿಕರದಿಂದ ಅಡಿಕೆ ಹಾಳೆಯ ಎರಡು ತುಂಡು ಕೊಟ್ಟು, ಮೊಣಕಾಲಿಗೆ ಕಟ್ಟಿಕೊಳ್ಳಲು ಹೇಳಿದರು. ಬಾಯಮ್ಮ ಅದನ್ನು ಕಿತ್ತುಕೊಂಡು ತಿರುಗಿ ಕೊಟ್ಟರು.

"ಹಾಳೆ ಕಟ್ಟಿದ್ರೆ ಹಾಳೆ ಹತ್ತಿದ ಹಾಗೆ ಆಗ್ತದೆ. ನಾನು ಹಾಳೆ ಹತ್ತಿಸ್ತೆ ಅಂತ ಹೇಳ್ಲಿಲ್ಲ."

ನಾನು ಪಂಚೆ ಎತ್ತಿಕಟ್ಟಿ, ಮೊದಲ ಮೆಟ್ಟಿಲಿಗೆ ಮೊಣಕಾಲೂರಿದೆ. ಚಿರೆಕಲ್ಲು ಎಷ್ಟು ಒರಟು ಎಂಬುದು ಅದರಿಂದ ಕಟ್ಟಿದ ಮನೆಯಲ್ಲಿ ಹುಟ್ಟಿ ಬೆಳೆದ ನನಗೆ ಅಂದಿನ ತನಕ ಗೊತ್ತಿರಲಿಲ್ಲ. ಪ್ರತಿ ತಿರುವಿಗೂ ಒಂದು ಖುರ್ಸು, ಅಂದರೆ ಶಿಲುಬೆ, ನೆಟ್ಟಿದ್ದರು. ಮೊದಲ ಖುರ್ಸಿನ ಹತ್ತಿರ ಬರುವಾಗಲೇ ಚರ್ಮ ತರಚಿತ್ತು. ಬಾಯಮ್ಮ ನನ್ನ ಪಕ್ಕದಲ್ಲಿ ಕೊಡೆ ಬಿಡಿಸಿಕೊಂಡು, ಜಪಸರ ಎಣಿಸುತ್ತ, ಹಗುರಾಗಿ ನಡೆಯುತ್ತಿದ್ದರು. ನಾನು ಉಸಿರು ತೆಗೆದುಕೊಳ್ಳಲು ಹಿಮ್ಮಡಿಯ ಮೇಲೆ ಕೂತರೆ ಜಪ ನಿಲ್ಲುತ್ತಿತ್ತು.

"ಮಾಸ್ತರ್ರೆ, ಕೂತ್ರಿ. ಕೂತದ್ದು ಹರಕೆಯಲ್ಲಿ ಇಲ್ಲ."

ಜನ ನನಗೆ ದಾರಿ ಬಿಟ್ಟರು. ಅಂಗಿಯೊಳಗಿಂದ ಇಣುಕಿದ ನನ್ನ ಜನಿವಾರ ನೋಡಿ ಕೆಲವರು ಬೆರಗಾದರು. ಒಬ್ಬ ಹೆಂಗಸು ಕೂಸನ್ನು ತಂದು ನನ್ನ ಮುಂದೆ ಮಲಗಿಸಿ, ದಾಟಿ ಹೋಗಿ ಎಂದು ಬೇಡಿಕೊಂಡಳು. ಮೊಣಕಾಲಲ್ಲಿ ಕೂಸನ್ನು ದಾಟುವುದು ಹೇಗೆಂದು ತಿಳಿಯದೆ ನಾನು ತಲೆ ಮುಟ್ಟಿ ಕಳಿಸಿದೆ. ಒಕ್ಕಲಿಗರ ಒಬ್ಬ ಮುದುಕಿ ಮಜ್ಜಿಗೆ ಕೊಟ್ಟು ಕಿವಿಯ ಹತ್ತಿರ ಬಗ್ಗಿ ಕೇಳಿದಳು: "ಎಂತ ಪಾಪ ಮಾಡಿದ್ಯೋ ಮಗಾ? ಅಷ್ಟು ದೊಡ್ಡದಾ?"

"ನನ್ನದಲ್ಲ ಅಜ್ಜಿ. ಇವರ ಹರಕೆ."

ಅಜ್ಜಿ ಕೊಡೆ ಹಿಡಿದು ನಿಂತ ಬಾಯಮ್ಮನನ್ನು ನೋಡಿದಳು, ನನ್ನನ್ನು ನೋಡಿದಳು. "ಅತ್ತೆಯಾ?" ಎಂದು ಮರುಗಿದಳು.

ಅರ್ಧ ಗುಡ್ಡದಲ್ಲಿ ಹಿಂದಿನಿಂದ "ಬಾಜು, ಬಾಜು" ಎಂಬ ಕೂಗು ಬಂತು. ಹೊನ್ನಾವರದ ಒಬ್ಬ ಮರದ ನಾಟಾ ವ್ಯಾಪಾರಿಯ ಹೆಂಡತಿ ನಾಲ್ವರು ಹೊತ್ತ ಕುರ್ಚಿಯಲ್ಲಿ ಕೂತು ಬರುತ್ತಿದ್ದರು. ಅವರದ್ದು ಬರಿಗಾಲಿನ ಹರಕೆ. ಕಾಲುಗಳು ಬರಿದಾಗಿಯೇ ಇದ್ದವು, ನೆಲಕ್ಕೆ ಮಾತ್ರ ತಾಗಿರಲಿಲ್ಲ. ಚಪ್ಪಲಿಯನ್ನು ಹಿಂದೆ ಒಬ್ಬ ಕೆಲಸದವಳು ಬಟ್ಟೆಯಲ್ಲಿ ಸುತ್ತಿ ತರುತ್ತಿದ್ದಳು.

"ಇದೆಂತ ಹರಕೆ!" ಎಂದರು ಬಾಯಮ್ಮ ತಿರಸ್ಕಾರದಿಂದ. "ಬೇರೆಯವರ ಕಾಲಲ್ಲಿ ಗುಡ್ಡ ಹತ್ತೂದು!"

ಅವರಿಗೆ ತಮ್ಮ ಮಾತು ಎಲ್ಲಿಗೆ ತಾಗುತ್ತದೆಂದು ಒಂದಿಷ್ಟೂ ಅನಿಸಿದ ಹಾಗೆ ಕಾಣಲಿಲ್ಲ. ನಾನು ಮುಂದಿನ ಮೆಟ್ಟಿಲಿಗೆ ಮೊಣಕಾಲಿಟ್ಟೆ.

ಬಿಸಿಲು ನೆತ್ತಿಗೆ ಬರುವ ಮೊದಲು ಮೇಲೆ ಮುಟ್ಟಿದೆವು. ಇಗರ್ಜಿ ನಾನು ಎಣಿಸಿದ್ದಕ್ಕಿಂತ ಚಿಕ್ಕದು. ದಪ್ಪ ಗೋಡೆ, ಪಾಚಿ ಹಿಡಿದ ಕಮಾನು. ಒಂದು ಬದಿಯಲ್ಲಿ ಹಳೆಯ ಮುರುಕು ಗೋಡೆಯನ್ನು ಹಾಗೆಯೇ ಉಳಿಸಿದ್ದರು. ಆಚೆ ಸಮುದ್ರ ಕಾಣುತ್ತಿತ್ತು. ಬಾಗಿಲಲ್ಲಿ ಅಲ್ಲಿಯ ಪಾದ್ರಿಗಳು ನಿಂತಿದ್ದರು. ಸಣಕಲು ಮುದುಕರು. ನನ್ನ ರಕ್ತ ಸೋರುವ ಮೊಣಕಾಲನ್ನೂ ಬಾಯಮ್ಮನ ಕೊಡೆಯನ್ನೂ ನೋಡಿ ಹುಬ್ಬೇರಿಸಿದರು.

"ಹರಕೆ ಯಾರದ್ದು?"

"ನನ್ನದು ಪಾದ್ರ್ಯಾಬ," ಎಂದರು ಬಾಯಮ್ಮ.

"ಮೊಣಕಾಲು?"

"ಮಾಸ್ತರದು."

"ಇವರು ನಿಮಗೆ ಎಂತ ಆಗ್ಬೇಕು?"

"ಬಾಡಿಗೆಯವರು."

"ಬಾಡಿಗೆ ಮೊಣಕಾಲು!" ಎಂದರು ಪಾದ್ರಿಗಳು ಮೆಲ್ಲಗೆ. ಅದು ಅವರ ಇಡೀ ಜೀವಮಾನದಲ್ಲಿ ಬಂದ ಮೊದಲ ಪ್ರಕರಣವಿರಬೇಕು. ಆಮೇಲೆ ನಿರ್ಣಯ ಕೊಟ್ಟರು. ಹತ್ತಿದವರು ಯಾರೋ ಪುಣ್ಯ ಅವರದ್ದು. ಮಾಸ್ತರರು ಒಳಗೆ ಹೋಗಿ ತಮಗೆ ಬೇಕಾದ್ದನ್ನು ಕೇಳಿಕೊಳ್ಳಲಿ. ಬಾಯಮ್ಮನ ಹರಕೆ ಹಾಗೇ ಬಾಕಿ ಇದೆ.

"ನಮ್ಮ ಪಾದ್ರಿಗಳೇ ಹೇಳಿದ್ದು, ಬೇರೆಯವರನ್ನ ಕಳಿಸಿ ಅಂತ!" ಬಾಯಮ್ಮನ ದನಿ ಏರಿತು.

"ಅವರು ಕೆಳಗಿನ ಪಾದ್ರಿ. ಇದು ಮೇಲೆ," ಎಂದರು ಮುದುಕರು.

ನನ್ನನ್ನು ಇಬ್ಬರು ಹಿಡಿದು ಒಳಗೆ ಕರೆದುಕೊಂಡು ಹೋದರು. ಸಾಯ್ಬಿಣ್ ನೀಲಿ ಸೆರಗು ಹೊದ್ದು, ಕೂಸನ್ನು ಎತ್ತಿಕೊಂಡು ಮೇಣದ ಬತ್ತಿಗಳ ಹಿಂದೆ ನಿಂತಿದ್ದಳು. ಮುಖ ಹೊಗೆ ಹಿಡಿದು ಕಪ್ಪಾಗಿತ್ತು, ನಮ್ಮ ಮನೆಯ ದೇವರ ಹಾಗೆಯೇ. ಹೆಡ್‌ಮಾಸ್ತರರ ತ್ರಾಸು ಹೇಗೋ ನೆನಪಾಯಿತು, ಹೇಳಿದೆ. ಮಾವನ ಬೇಲಿಯದ್ದೂ ಹೇಳಿದೆ, ಯಾವ ಬದಿಗೆ ಬರಬೇಕೆಂಬುದು ಗೊಂದಲವಾಯಿತು. ನನ್ನ ಪಾಲಿಗೆ ಕೇಳಲು ಆ ಹೊತ್ತಿಗೆ ತೋಚಿದ್ದು ಒಂದೇ, ಒಂದು ಕುರ್ಚಿ.

ಹಿಂದಿನಿಂದ ಸೀರೆ ಸರಿಯುವ ಸಪ್ಪಳವಾಯಿತು. ತಿರುಗಿ ನೋಡಿದರೆ ಬಾಯಮ್ಮ ಕೊಡೆಯನ್ನು ಬಾಗಿಲಿಗೆ ಒರಗಿಸಿ, ಹೊಸ್ತಿಲಿನಿಂದ ಮೊಣಕಾಲಲ್ಲಿ ಬರುತ್ತಿದ್ದರು. ಸಿಟ್ಟಿನಲ್ಲಿ ಸುರುಮಾಡಿದ್ದರು, ಅದು ಅವರ ತುಟಿಯಲ್ಲಿ ಕಾಣುತ್ತಿತ್ತು. ನಡುವೆ ಬರುವಾಗ ಸಿಟ್ಟು ಇಳಿಯಿತು. ಪೀಠದ ಮುಂದಿನ ಕಟಾಂಜನದ ಹತ್ತಿರ ಬಂದು ಮೇಣದ ಕಾಲನ್ನು ಇಟ್ಟು, ಬಹಳ ಹೊತ್ತು ತಲೆ ತಗ್ಗಿಸಿಕೊಂಡಿದ್ದರು. ಭುಜ ಅಲುಗುತ್ತಿತ್ತು. ಓಣಿಯ ಯಾರೂ ಬಾಯಮ್ಮ ಅತ್ತದ್ದನ್ನು ಕಂಡಿರಲಿಲ್ಲ. ನಾನು ಬೇರೆ ಕಡೆ ನೋಡಿದೆ.

ಹೊರಗೆ ಬಂದು ಮುರುಕು ಗೋಡೆಯ ಬುಡದಲ್ಲಿ ಕೂತ ಮೇಲೆ ಕೇಳಿದೆ: "ಎಂತ ಹೇಳಿದ್ರಿ ಬಾಯಮ್ಮ?"

"ಬೈದೆ."

"ಯಾರಿಗೆ?"

"ಅವಳಿಗೆ. ಗಂಡ ಕಾಯಿಲೆಯಲ್ಲಿ ಮಲಗಿದಾಗ ಎಷ್ಟು ಕೂಗಿ ಕರೆದಿದ್ದೆ. ಆಗ ಕೇಳಿಸ್ಲಿಲ್ಲ, ಈಗ ಒಂದು ಮೊಣಕಾಲಿಗೆ ಓಡಿ ಬಂದ್ಯಾ ಅಂತ." ಸೆರಗಿನಿಂದ ಮುಖ ಒರೆಸಿಕೊಂಡರು. "ಆತು. ಏಳಿ, ಹೋಗುವಾ."

ನನಗೆ ಏಳಲಾಗಲಿಲ್ಲ. ಮೊಣಕಾಲುಗಳು ಬಾತು ತೆಂಗಿನಕಾಯಿಯಾಗಿದ್ದವು. ಬಾಯಮ್ಮನ ತಮ್ಮ ನನ್ನನ್ನು ಹೊತ್ತು ಇಳಿಯಬಹುದಿತ್ತು, ಆದರೆ ಹೆಬ್ಬೆರಳು ಅಷ್ಟರಲ್ಲಿ ಮತ್ತೆ ನೋಯತೊಡಗಿತ್ತು. ಬಾಯಮ್ಮ ಅತ್ತಿತ್ತ ನೋಡಿ, ನೇರವಾಗಿ ನಾಟಾ ವ್ಯಾಪಾರಿಯ ಹೆಂಡತಿಯ ಹತ್ತಿರ ಹೋದರು.

"ನಿಮ್ಮ ಬರಿಗಾಲಿನ ಹರಕೆ ಹತ್ತಲಿಕ್ಕೆ ಮಾತ್ರ ಅಲ್ವಾ?"

"ಹೌದು," ಎಂದರು ಆಕೆ, ಯಾವುದಕ್ಕೆ ಹೌದೆನ್ನುತ್ತಿದ್ದೇನೆಂದು ತಿಳಿಯದೆ.

"ಹಾಗಾದ್ರೆ ಇಳೀಲಿಕ್ಕೆ ಚಪ್ಪಲಿ ಹಾಕಬಹುದು. ನಡೀಬಹುದು. ಕುರ್ಚಿ ಮಾಸ್ತರಿಗೆ ಬೇಕು. ಪಾದ್ರ್ಯಾಬ ನೋಡ್ತಾ ಇದ್ದಾರೆ."

ಪಾದ್ರಿಗಳು ನಿಜವಾಗಿಯೂ ನೋಡುತ್ತಿದ್ದರು. ಹೀಗಾಗಿ ನಾನು ಸಾಯ್ಬಿಣಿಯಲ್ಲಿ ಕೇಳಿಕೊಂಡದ್ದು ಗುಡ್ಡ ಇಳಿಯುವ ಮೊದಲೇ ಸಿಕ್ಕಿತು. ನಾಲ್ವರ ಹೆಗಲ ಮೇಲೆ ಕೂತು ಇಳಿದೆ. ನಾಟಾ ವ್ಯಾಪಾರಿಯ ಹೆಂಡತಿ ಚಪ್ಪಲಿ ಮೆಟ್ಟಿಕೊಂಡು ಹಿಂದೆ ನಡೆದರು. ಹತ್ತುವಾಗ ನನ್ನ ಪಾಪಕ್ಕೆ ಮರುಗಿದವರೇ ಇಳಿಯುವಾಗ ಇವರು ಯಾವ ಊರಿನ ದೊಡ್ಡ ಮನುಷ್ಯರು ಎಂದು ವಿಚಾರಿಸುತ್ತಿದ್ದರು.

ಶಾಲೆಗೆ ಹೋದದ್ದು ಕಾಲನ್ನು ಕೋಲಿನ ಹಾಗೆ ನೆಟ್ಟಗೆ ಇಟ್ಟುಕೊಂಡು. ಕೂತರೆ ಏಳಲಾಗದು, ಎದ್ದರೆ ಕೂರಲಾಗದು. ಆದ್ದರಿಂದ ಇಡೀ ದಿನ ನಿಂತೇ ಪಾಠ ಹೇಳುತ್ತಿದ್ದೆ. ಆ ವಾರವೇ ತಪಾಸಣೆಗೆ ಇನ್ಸ್‌ಪೆಕ್ಟರು ಬಂದರು. ಮೈಸೂರು ಕಡೆಯಿಂದ ಹೊಸದಾಗಿ ವರ್ಗವಾಗಿ ಬಂದವರು. ನಮ್ಮ ಮಾತು ಅವರಿಗೆ, ಅವರ ಮಾತು ನಮಗೆ ಅಷ್ಟಕ್ಕಷ್ಟೆ. ಒಂದು ತರಗತಿಯಲ್ಲಿ ಮಾಸ್ತರರು ಕುರ್ಚಿಯಲ್ಲಿ ತೂಕಡಿಸುತ್ತಿದ್ದುದನ್ನು ನೋಡಿ ಬಂದಿದ್ದರು. ನನ್ನ ತರಗತಿಯಲ್ಲಿ ಇಡೀ ಹೊತ್ತು ಕೂತು ಕೇಳಿದರು. ನಾನು ನಿಂತೇ ಇದ್ದೆ.

"ಕೂತ್ಕೊಳ್ಳಿ ಮೇಷ್ಟ್ರೇ," ಎಂದರು.

"ಇಲ್ಲ ಸರ್, ಅಡ್ಡಿಲ್ಲ," ಎಂದೆ.

ಅವರಿಗೆ ಇದು ಬಹಳ ಹಿಡಿಸಿತು. ಸಂಜೆ ಎಲ್ಲ ಶಿಕ್ಷಕರನ್ನೂ ಸೇರಿಸಿ, ಮಕ್ಕಳ ಮುಂದೆ ಕೂರದೆ ದುಡಿಯುವ ಇಂಥ ಯುವಕರಿಂದಲೇ ನಾಡು ಕಟ್ಟಬೇಕಾಗಿದೆ ಎಂದು ಭಾಷಣ ಮಾಡಿದರು. ಮಾರನೆಯ ದಿನದಿಂದ ತರಗತಿಗಳ ಕುರ್ಚಿಗಳೆಲ್ಲ ಉಗ್ರಾಣ ಸೇರಿದವು. ಸಹೋದ್ಯೋಗಿಗಳು ನನ್ನ ಜೊತೆ ಮಾತು ಬಿಟ್ಟರು. ಖುಷಿಯಾದವರು ಹೆಡ್‌ಮಾಸ್ತರರು ಒಬ್ಬರೇ. ಇನ್ನು ಯಾರೂ ಅವರನ್ನು ಕೂರಲು ಹೇಳುವಂತಿರಲಿಲ್ಲ. ಒಂದು ದಿನ ನನ್ನನ್ನು ಬದಿಗೆ ಕರೆದು, "ಆ ತಾಯಿ ಬಹಳ ಜಾಗೃತ ಇದ್ದಾಳೆ ಕಾಣ್ತದೆ," ಎಂದರು. ಮಾವನ ಕೇಸು ಮಾತ್ರ ಮುಂದಕ್ಕೆ ಬಿತ್ತು. "ಆ ದೇವ್ರ ಹದ್ದಿಗೆ ಕುಮಟಾ ತಾಲೂಕು ಬತ್ತಿಲ್ಲೆ ಕಾಣ್ತು," ಎಂದು ಅವರು ಸಮಾಧಾನ ಮಾಡಿಕೊಂಡರು.

ಎರಡು ವರ್ಷದ ಮೇಲೆ ನನಗೆ ಭಟ್ಕಳಕ್ಕೆ ವರ್ಗವಾಯಿತು. ಮಳೆಗಾಲ ಮುಗಿದ ಒಂದು ರಜಾದಿನ ಸುಮ್ಮನೆ ಗುಡ್ಡಕ್ಕೆ ಹೋದೆ. ಜನವಿರಲಿಲ್ಲ, ಅಂಗಡಿಗಳಿರಲಿಲ್ಲ. ಮುದುಕ ಪಾದ್ರಿಗಳು ಅಂಗಳದಲ್ಲಿ ಹುಲ್ಲು ಕೀಳುತ್ತಿದ್ದರು. ನನ್ನನ್ನು ಗುರುತು ಹಿಡಿದು, "ಇವತ್ತು ಯಾರ ಪರವಾಗಿ?" ಎಂದು ಕೇಳಿದರು.

"ಯಾರದ್ದೂ ಅಲ್ಲ. ಹಾಗೇ ಬಂದೆ."

"ಹಾಗೇ ಯಾರೂ ಬರೂದಿಲ್ಲ ಇಲ್ಲಿಗೆ," ಎಂದು ಅನುಮಾನಪಟ್ಟರು. ಆದರೂ ಕಪ್ಪು ಚಹಾ ಮಾಡಿ ಕೊಟ್ಟರು. ಕುಡಿಯುತ್ತ ಮಾಡಿನ ಕಡೆ ಕೈ ತೋರಿಸಿದರು. ಮಂಗಗಳು ಹಂಚು ಒಡೆದು, ಮಳೆಯ ನೀರು ಸಾಯ್ಬಿಣಿಯ ತಲೆಯ ಮೇಲೆಯೇ ಸೋರುತ್ತಿತ್ತಂತೆ. ಬರುವವರೆಲ್ಲ ಮೇಣದ ಕೈಕಾಲು ತರುತ್ತಾರೆ, ಹಂಚು ಯಾರೂ ತರುವುದಿಲ್ಲ. "ನಿಮ್ಮ ಮನೆಯೊಡತಿಗೆ ಒಂದು ಮಾತು ಹೇಳಿ ಮಾಸ್ತರ್ರೆ. ಮುಂದಿನ ಸಲ ಹಂಚಿನ ಹರಕೆ ಹೊರಲಿ. ಅದನ್ನ ಯಾರ ಕೈಯಲ್ಲಿ ಹೊರಿಸಿ ತಂದ್ರೂ ನಾನು ಬೇಡ ಅನ್ನೂದಿಲ್ಲ."

ಮುಂದಿನ ತಿಂಗಳು ಹೊನ್ನಾವರಕ್ಕೆ ಹೋದಾಗ ಬಾಯಮ್ಮನಿಗೆ ಈ ಮಾತು ಮುಟ್ಟಿಸಿದೆ. ಅವರು ಬಂಗಡೆ ಮೀನು ಉಜ್ಜುತ್ತಿದ್ದರು. ಕೆಲಸ ನಿಲ್ಲಿಸದೆ ಯೋಚಿಸಿದರು.

"ಅಡ್ಡಿಲ್ಲ, ಹೊರ್ತೆ," ಎಂದರು. "ಮೊದ್ಲು ಎಂತಾದ್ರೂ ನೋವು ಬರ್ಲಿ."